ಎಲಿಪ್ಸೋಮೀಟರಿನ ಹೀಟಿಂಗ್ ಸ್ಟೇಜ್: ಚಿನ್ನ, ಬೆಳ್ಳಿಯ ಪದರಗಳ ಮೇಲೆ ಬಳಸಿ ನೋಡಿದಾಗ

ಚಿನ್ನ, ಬೆಳ್ಳಿ, ತಾಮ್ರಗಳ ದ್ಯುತಿ ಸ್ಥಿರಾಂಕಗಳು (ಲೋಹ ಬೆಳಕನ್ನು ಎಷ್ಟು ಬಾಗಿಸುತ್ತದೆ, ಎಷ್ಟು ಹೀರುತ್ತದೆ ಎಂಬ ಅಂಕಿಗಳು) ಬೇಕಾದವರು ಇಂದಿಗೂ 1972ರಲ್ಲಿ ಜಾನ್ಸನ್ ಮತ್ತು ಕ್ರಿಸ್ಟಿ ಪ್ರಕಟಿಸಿದ ಕೋಷ್ಟಕವನ್ನು ತೆರೆಯುತ್ತಾರೆ. ಅದು ಕೋಣೆಯ ತಾಪಮಾನದ ಲೆಕ್ಕ. ಲೇಸರ್ ಬಿದ್ದು ನೂರಾರು ಡಿಗ್ರಿಗೆ ಏರುವ ಲೋಹಕ್ಕೆ ಆ ಅಂಕಿಗಳು ಸಾಲವು. ಈ ಕೊರತೆಯನ್ನು ತುಂಬಿಕೊಳ್ಳಲೆಂದು ನಮ್ಮ ಪ್ರಯೋಗಾಲಯಕ್ಕೆ ತರಿಸಿದ, 300 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಬಲ್ಲ ಹೀಟಿಂಗ್ ಸ್ಟೇಜ್ ಕುರಿತ ಅಭಿಪ್ರಾಯ ಇಲ್ಲಿದೆ. ಪ್ರತಿಫಲಿಸಿದ ಬೆಳಕಿನ ಧ್ರುವೀಕರಣ ಹೇಗೆ ಬದಲಾಯಿತೆಂದು ನೋಡಿ ಈ ಸ್ಥಿರಾಂಕಗಳನ್ನು ಅಳೆಯುವ ಉಪಕರಣ ಎಲಿಪ್ಸೋಮೀಟರ್; ಅದರಲ್ಲಿ ಮಾದರಿಯನ್ನಿಟ್ಟು ಕಾಯಿಸುವ ಪೀಠವೇ ಈ ಸ್ಟೇಜ್. ಈ ಬಗೆಯ ಸ್ಟೇಜ್‌ಗಳ ವಿನ್ಯಾಸ ಬಹುಮಟ್ಟಿಗೆ ಒಂದೇ ಆಗಿರುವುದರಿಂದ ತಯಾರಕರ ಹೆಸರನ್ನು ಬಿಟ್ಟಿದ್ದೇನೆ.

ಅಳತೆಯ ಮಟ್ಟಿಗೆ ಉಪಕರಣ ಚೆನ್ನಾಗಿದೆ. ನಿಗದಿಪಡಿಸಿದ ತಾಪಮಾನಕ್ಕೆ ಏರಿ ಅಲುಗದೆ ನಿಲ್ಲುತ್ತದೆ; ಹೀಗಾಗಿ ಚಿನ್ನದಲ್ಲಿ ಆಗುವ ಎರಡು ಬೇರೆ ಬೇರೆ ಬದಲಾವಣೆಗಳನ್ನು ಬಿಡಿಸಿ ನೋಡಬಹುದು. ಇನ್‌ಫ್ರಾರೆಡ್ ಭಾಗದಲ್ಲಿ ಮುಕ್ತ ಎಲೆಕ್ಟ್ರಾನುಗಳು ಪರಮಾಣುಗಳ ಕಂಪನಕ್ಕೆ ಸಿಕ್ಕಿ ಚದುರುವುದು ಹೆಚ್ಚಿ, ಬೆಳಕಿನ ಹೀರಿಕೆ ಏರುತ್ತದೆ. ಚಿನ್ನದ ವಿದ್ಯುತ್ ರೋಧಶೀಲತೆ ಡಿಗ್ರಿಗೆ ಸುಮಾರು ಶೇ. 0.34ರಂತೆ ಹೆಚ್ಚುವುದರಿಂದ, 25ರಿಂದ 300 ಡಿಗ್ರಿಗೆ ಹೋಗುವಷ್ಟರಲ್ಲಿ ಗಟ್ಟಿ ಲೋಹದಲ್ಲಿ ಈ ಚದುರುವಿಕೆ ಹತ್ತಿರಹತ್ತಿರ ಇಮ್ಮಡಿಯಾಗಬೇಕು. ಲೋಹ ಹಿಗ್ಗಿ ಎಲೆಕ್ಟ್ರಾನ್ ಸಾಂದ್ರತೆ ಇಳಿಯುವುದಾದರೋ ಶೇ. 1ರಷ್ಟು ಮಾತ್ರ. ತೆಳುಪದರದಲ್ಲಿ ಹರಳುಕಣಗಳ ಅಂಚುಗಳಿಂದಾಗುವ ಚದುರುವಿಕೆ ತಾಪಮಾನಕ್ಕೆ ಹೆಚ್ಚು ಸ್ಪಂದಿಸದ ಕಾರಣ ಏರಿಕೆಯ ಅನುಪಾತ ಇದಕ್ಕಿಂತ ಕಡಿಮೆ ಬರುತ್ತದೆ. ಚಿನ್ನಕ್ಕೆ ಹಳದಿ ಬಣ್ಣ ಕೊಡುವ, 500 ನ್ಯಾನೋಮೀಟರ್ ತರಂಗಾಂತರದ ಆಸುಪಾಸಿನ ಹೀರಿಕೆಯ ಅಂಚು (ಇದಕ್ಕಿಂತ ಕಿರಿದಾದ ತರಂಗಾಂತರದ ಬೆಳಕನ್ನು ಚಿನ್ನ ಹೆಚ್ಚು ಹೀರುವ ಗಡಿ) ಮಾತ್ರ ಬೇರೆ ರೀತಿ ನಡೆದುಕೊಳ್ಳುತ್ತದೆ: ಕಾದಂತೆ ಅದು ಮಸುಕಾಗಿ, 530ರ ಬಳಿ ಪ್ರತಿಫಲನ ತುಸು ಇಳಿಯುತ್ತದೆ, 470ರ ಬಳಿ ತುಸು ಏರುತ್ತದೆ. ಡಿಗ್ರಿಗೆ ಹತ್ತು ಸಾವಿರದಲ್ಲಿ ಒಂದೆರಡು ಪಾಲಿನಷ್ಟಿರುವ ಈ ವ್ಯತ್ಯಾಸವೂ ಸ್ಟೇಜ್ ಮೇಲೆ ತಪ್ಪದೆ ಕಾಣುತ್ತದೆ.

ನಂಬಬಾರದ್ದು ಪ್ಯಾನೆಲ್ ಮೇಲಿನ ಅಂಕಿ. ತಾಪಮಾನ ಅಳೆಯುವ ಥರ್ಮೋಕಪಲ್ ಹುದುಗಿರುವುದು ಕಾಯಿಸುವ ಗಟ್ಟಿಯಲ್ಲಿ. ಮೇಲೆ ನೈಟ್ರೋಜನ್ ಹರಿಯುತ್ತಿರುವಾಗ ಗಾಜಿನ ಮೇಲಿನ ಪದರ ಅದಕ್ಕಿಂತ ತಣ್ಣಗಿರುತ್ತದೆ. ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ಪರೀಕ್ಷಿಸೋಣವೆಂದರೆ, ನುಣುಪಾದ ಚಿನ್ನ ಶಾಖವನ್ನು ಹೊರಸೂಸುವುದೇ ಅತ್ಯಲ್ಪವಾದ್ದರಿಂದ ಅದು ತೋರಿಸುವುದು ಸುತ್ತಲಿನ ಗೋಡೆಗಳ ಪ್ರತಿಬಿಂಬವನ್ನು! ಬೆಳಕು ಒಳಹೊರಗೆ ಹಾಯುವ ಸ್ಟೇಜ್‌ನ ಗಾಜಿನ ಕಿಟಕಿಗಳದ್ದು ಇನ್ನೊಂದು ತಕರಾರು: ಬಿಸಿಯಿಂದ ಗಾಜಿನಲ್ಲಿ ಬಿಗಿತ ಹುಟ್ಟಿ ಡೆಲ್ಟಾ ಕೋನ (ಬೆಳಕಿನ ಎರಡು ಧ್ರುವೀಕರಣಗಳ ನಡುವಿನ ಹಂತದ ವ್ಯತ್ಯಾಸ; ಎಲಿಪ್ಸೋಮೀಟರ್ ಅಳೆಯುವುದು ಇದನ್ನೂ) ಸರಿಯುತ್ತದೆ, ಅದನ್ನು ಲೆಕ್ಕದಿಂದ ಕಳೆಯುವ ವಿಧಾನವನ್ನು ಕೈಪಿಡಿಯಲ್ಲಿ ಹೇಳಿಲ್ಲ. ಇಂಥ ದುಬಾರಿ ಸಾಮಗ್ರಿಗೆ ಇದು ಸಲ್ಲದು.

ಮಾದರಿಯ ವಿಷಯದಲ್ಲೂ ಎಚ್ಚರ ಬೇಕು. ಹೊಸ ಪದರವನ್ನು ಮೊದಲ ಬಾರಿ ಕಾಯಿಸಿದಾಗ ಹರಳುಕಣಗಳು ಬೆಳೆದು, ಹೀರಿಕೆ ಏರುವ ಬದಲು ಕೆಲವೊಮ್ಮೆ ಇಳಿಯುತ್ತದೆ, ತಣಿದ ಮೇಲೆ ಹಳೆಯ ರೇಖೆಗೆ ಮರಳುವುದೂ ಇಲ್ಲ. ತಾಪಮಾನದ್ದೇ ಪರಿಣಾಮ ಬೇಕಿದ್ದವರು ಪದರವನ್ನು ಮೊದಲು ಕಾಯಿಸಿ ಹದಗೊಳಿಸಿ, ಆನಂತರದ ಏರಿಳಿತಗಳನ್ನಷ್ಟೇ ದಾಖಲಿಸಬೇಕು. ಅಂಟಿಗೆಂದು ಕೆಳಗೆ ಕ್ರೋಮಿಯಂ ಹಾಕಿದ್ದರೆ ಅದು ಚಿನ್ನದೊಳಗೆ ಹರಡಿ ಅಳತೆಯನ್ನು ಕೆಡಿಸುತ್ತದೆ. ತೆಳುವಾದ ಬೆಳ್ಳಿಯ ಪದರವಂತೂ ಬಿಸಿಗೆ ಒಡೆದು ಹನಿಹನಿಯಾಗಿ ಕೂಡಿಕೊಳ್ಳುತ್ತದೆ. ಆಗ ಕಾಣುವುದು ಲೋಹದ ಗುಣವಲ್ಲ, ಹನಿಗಳ ಗುಣ.

ಕೊಳ್ಳಬಹುದೇ ಎಂದರೆ, ಕೊಳ್ಳಬಹುದು, ಒಂದು ಷರತ್ತಿನ ಮೇಲೆ. ಸಿಲಿಕಾನಿನ ದ್ಯುತಿ ಸ್ಥಿರಾಂಕಗಳು ತಾಪಮಾನದೊಂದಿಗೆ ಹೇಗೆ ಸರಿಯುತ್ತವೆಂಬುದು ಚೆನ್ನಾಗಿ ದಾಖಲಾಗಿದೆ. ಆದ್ದರಿಂದ ಹಣ ಪಾವತಿಸುವ ಮುನ್ನ, ಸಿಲಿಕಾನ್ ವೇಫರ್ ತುಂಡನ್ನು ಇಟ್ಟು, ಪ್ಯಾನೆಲ್ ಅಂಕಿಗೂ ಮೇಲ್ಮೈಯ ನಿಜವಾದ ತಾಪಮಾನಕ್ಕೂ ಇರುವ ಅಂತರವನ್ನು ಪ್ರತಿ 50 ಡಿಗ್ರಿಗೊಮ್ಮೆ ಅಳೆದು ಬರೆದುಕೊಡುವಂತೆ ಮಾರಾಟಗಾರರನ್ನು ಕೇಳಿ.