ಕೌಲ್‌ಬಜಾರಿನ ಸೈಕಲ್ ಅಂಗಡಿ: ಎರಡು ತಿಂಗಳ ಸದ್ದು ನಿಂತ ಬಗೆ

ಬಳ್ಳಾರಿಯಲ್ಲಿ ಸೈಕಲ್ಲಿನ ಸದ್ದಿನಿಂದ ಬೇಸತ್ತವರಿಗೆ ಉಪಯೋಗವಾಗಲೆಂದು, ಕೌಲ್‌ಬಜಾರಿನ ಒಳರಸ್ತೆಯಲ್ಲಿರುವ, ಬೋರ್ಡು ಕೂಡ ಇಲ್ಲದ ಒಂದು ಸಣ್ಣ ರಿಪೇರಿ ಅಂಗಡಿಯ ಬಗ್ಗೆ ಬರೆಯುತ್ತಿದ್ದೇನೆ.

ನನ್ನದು ಏಳು ಗೇರಿನ, ಉಕ್ಕಿನ ಫ್ರೇಮಿನ ಸೈಕಲ್. ವಾರದಲ್ಲಿ ನಾಲ್ಕು ದಿನ ನಸುಕಿನಲ್ಲಿ ಸಂಗನಕಲ್ಲಿನ ಗುಡ್ಡದವರೆಗೆ, ಭಾನುವಾರ ಹೊಸಪೇಟೆ ರಸ್ತೆಯಲ್ಲಿ ಕುಡತಿನಿಯವರೆಗೆ ಹೋಗಿಬರುವುದು ನನ್ನ ರೂಢಿ. ಫೆಬ್ರುವರಿಯಲ್ಲಿ ಒಂದು ದಿನ ಪೆಡಲ್ ತುಳಿದಾಗಲೆಲ್ಲ ‘ಕಟಕ್’ ಎನ್ನುವ ಸದ್ದು ಶುರುವಾಯಿತು. ನಾನು ಮೊದಲು ತೋರಿಸಿದ ಬೇರೊಂದು ಅಂಗಡಿಯವರು ಸೈಕಲ್ಲನ್ನು ಹತ್ತಿ ನೋಡದೆಯೇ ‘ಬಿಬಿ (ಬಾಟಮ್ ಬ್ರಾಕೆಟ್, ಅಂದರೆ ಪೆಡಲ್ ಅಚ್ಚು ಬೇರಿಂಗ್ ಸಮೇತ ಕೂರುವ ಭಾಗ) ಹೋಗಿದೆ’ ಎಂದು ಹೇಳಿ, ಪೆಡಲ್ ಅಚ್ಚು, ಬೇರಿಂಗ್, ಜೊತೆಗೆ ಚೈನನ್ನೂ ಬದಲಾಯಿಸಿ 1,450 ರೂಪಾಯಿ ಪಡೆದರು. ಮರುದಿನ ಊರು ದಾಟುವಷ್ಟರಲ್ಲಿ ಅದೇ ಸದ್ದು ಮರಳಿತು. ಹಣ ಹೋದದ್ದಕ್ಕಿಂತಲೂ, ಸರಿಯಾಗಿದ್ದ ಭಾಗಗಳನ್ನು ತೆಗೆದು ಬಿಸಾಡಿಸಿಕೊಂಡೆನಲ್ಲ ಎಂಬ ನೋವು ನನಗೆ ಹೆಚ್ಚಾಗಿತ್ತು.

ಕೌಲ್‌ಬಜಾರಿನ ಅಂಗಡಿಯ ಹಿರಿಯ ಮೇಸ್ತ್ರಿಗಳು ಪಾನಾ ಕೈಗೆತ್ತಿಕೊಳ್ಳುವ ಮೊದಲು ಕೇಳಿದ್ದು ಒಂದೇ ಪ್ರಶ್ನೆ: “ಸರ್, ಸೀಟ್ ಮೇಲೆ ಕುಂತು ತುಳಿದ್ರೆ ಮಾತ್ರ ಬರ್ತೈತೋ, ನಿಂತು ತುಳಿದ್ರೂ ಬರ್ತೈತೋ?” ಎರಡು ತಿಂಗಳಲ್ಲಿ ಇದನ್ನು ನಾನು ಒಮ್ಮೆಯೂ ಗಮನಿಸಿರಲಿಲ್ಲ. ಅವರೇ ಸೈಕಲ್ ಹತ್ತಿ ಪಕ್ಕದ ಓಣಿಗೆ ಹೋದರು. ಎರಡೂ ಬದಿ ಗೋಡೆಯಿರುವ ಕಡೆ ಸದ್ದು ತಿರುಗಿ ಬಂದು ಕಿವಿಗೆ ಚೆನ್ನಾಗಿ ಸಿಗುತ್ತದೆಯಂತೆ. ಹಿಂತಿರುಗಿದಾಗ ಅವರ ಉತ್ತರ ಸಿದ್ಧವಾಗಿತ್ತು: ಕುಳಿತಾಗ ಸದ್ದು ಇದೆ, ನಿಂತಾಗ ಇಲ್ಲ. ಅಂದರೆ ದೋಷ ಸೀಟಿನ ಕಡೆಯದು.

ಫ್ರೇಮಿನ ಕೊಳವೆಗಳು ಟೊಳ್ಳಾಗಿರುವುದರಿಂದ ಒಂದು ಮೂಲೆಯಲ್ಲಿ ಹುಟ್ಟಿದ ಸದ್ದು ಇನ್ನೊಂದು ಮೂಲೆಯಿಂದ ಬಂದಂತೆ ಕೇಳುತ್ತದೆ, ಅದರಲ್ಲೂ ಹೆಚ್ಚಿನವು ಪೆಡಲ್ ಅಚ್ಚಿನ ಬಳಿಯೇ ಹುಟ್ಟಿದಂತೆ ತೋರುತ್ತವೆ ಎಂಬುದನ್ನು ಅವರು ಸಮಾಧಾನದಿಂದ ವಿವರಿಸಿದರು. ಹಳೆಯ ಕಪ್ಪು ಸೈಕಲ್ ಆಗಿದ್ದರೆ ಮೊದಲು ಪೆಡಲಿನ ತೋಳನ್ನು ಅಚ್ಚಿಗೆ ಬಿಗಿಯುವ ಕಾಟರ್ ಪಿನ್ ಸಡಿಲವಾಗಿದೆಯೇ ಎಂದು ನೋಡುತ್ತಿದ್ದರಂತೆ, ಆದರೆ ನನ್ನ ಸೈಕಲ್ಲಿನಲ್ಲಿ ಆ ಪಿನ್ ಇಲ್ಲ. ಚೈನಿನ ದೋಷವೂ ಅಲ್ಲ ಎನ್ನುವುದಕ್ಕೆ ಅವರು ಕೊಟ್ಟ ಲೆಕ್ಕ ನನಗೆ ಬಹಳ ಹಿಡಿಸಿತು: ಮುಂದಿನ ಹಲ್ಲುಚಕ್ರಕ್ಕೆ 44 ಹಲ್ಲು, ಚೈನಿಗೆ 110 ಕೊಂಡಿ ಇರುವಾಗ ಬಿಗಿಯಾದ ಒಂದು ಕೊಂಡಿ ಪೆಡಲಿನ ಎರಡೂವರೆ ಸುತ್ತಿಗೊಮ್ಮೆ ಸದ್ದು ಮಾಡಬೇಕೇ ಹೊರತು ಪ್ರತಿ ಸುತ್ತಿಗಲ್ಲ.

ಸೀಟಿನ ದಂಡ ಇದ್ದ ಎತ್ತರಕ್ಕೆ ಒಂದು ಟೇಪು ಸುತ್ತಿ ಗುರುತು ಮಾಡಿಕೊಂಡು ಅವರು ಅದನ್ನು ಹೊರಗೆಳೆದರು. ದಂಡದ ಕೆಳಭಾಗಕ್ಕೆಲ್ಲ ಕುಂಕುಮದಂಥ ನುಣ್ಣನೆಯ ಕೆಂಪು ಧೂಳು ಪದರಗಟ್ಟಿ ಅಂಟಿತ್ತು, ಉಗುರಿನಿಂದ ಗೀರಿದರೆ ಪುಡಿಯಾಗಿ ಉದುರುತ್ತಿತ್ತು. ಅದಿರು ಲಾರಿಗಳು ಓಡಾಡುವ ರಸ್ತೆಯ ಧೂಳನ್ನು ಹಿಂದಿನ ಚಕ್ರ ಮೇಲಕ್ಕೆ ಎರಚುತ್ತದೆ, ಸೀಟಿನ ಕೊಳವೆಯ ಸೀಳು ನೇರವಾಗಿ ಆ ಚಕ್ರದ ಕಡೆಗೇ ತೆರೆದಿರುತ್ತದೆ. ಒಳಗೆ ಗ್ರೀಸಿನ ಪಸೆಯೂ ಉಳಿದಿರಲಿಲ್ಲವಾದ್ದರಿಂದ, ಪ್ರತಿ ತುಳಿತಕ್ಕೆ ನನ್ನ ಭಾರ ಪಕ್ಕಕ್ಕೆ ವಾಲಿದಾಗ ದಂಡ ಕೂದಲೆಳೆಯಷ್ಟು ಸರಿದು ಸದ್ದು ಮಾಡುತ್ತಿತ್ತು. ಉಕ್ಕಿನ ಫ್ರೇಮಿನೊಳಗೆ ಅಲ್ಯೂಮಿನಿಯಂ ದಂಡ ಹೀಗೆ ಒಣಗಿಯೇ ಉಳಿದರೆ ವರ್ಷಗಳು ಕಳೆದಂತೆ ಅಲ್ಲೇ ಕಚ್ಚಿಕೊಂಡು ಹೊರಬರುವುದೇ ಇಲ್ಲ ಎಂದೂ ಅವರು ಎಚ್ಚರಿಸಿದರು. ಜೀನ್ಸ್ ಹೊಲಿಯುವ ಘಟಕಗಳಿಂದ ತಂದ ತುಂಡು ಬಟ್ಟೆಯನ್ನು ಸೀಮೆಎಣ್ಣೆಯಲ್ಲಿ ಅದ್ದಿ ದಂಡವನ್ನೂ ಕೊಳವೆಯ ಒಳಭಾಗವನ್ನೂ ಒರೆಸಿ, ತೆಳುವಾಗಿ ಗ್ರೀಸ್ ಸವರಿ, ಟೇಪಿನ ಗುರುತಿನವರೆಗೆ ಇಳಿಸಿ ಬಿಗಿ ಮಾಡಿದರು. (ಕಾರ್ಬನ್ ದಂಡವಿರುವವರು ಹೀಗೆ ಗ್ರೀಸ್ ಹಚ್ಚಬಾರದು, ಅದಕ್ಕೆ ಬೇರೆಯದೇ ಪೇಸ್ಟ್ ಇದೆ.)

ನಾನು ಹಣ ಕೊಡಲು ಮುಂದಾದಾಗ ಅವರು ತಡೆದು ಮತ್ತೊಮ್ಮೆ ಓಣಿಗೆ ಹೋಗಿಬಂದರು. ‘ಕಟಕ್’ ನಿಂತಿತ್ತು, ಆದರೆ ಅದರ ಹಿಂದೆ ಅಡಗಿದ್ದ ‘ಕಿರ್ರ್’ ಎನ್ನುವ ಇನ್ನೊಂದು ಸಣ್ಣ ಸದ್ದು ಈಗ ಕೇಳುತ್ತಿತ್ತು. ಒಂದೇ ಕಾಲಿನಿಂದ ತುಳಿಯುವಂತೆ ನನಗೆ ಹೇಳಿದರು. ಬಲಗಾಲಿಗೆ ಸದ್ದಿಲ್ಲ, ಎಡಗಾಲಿಗೆ ಇದೆ. ಎಡಗಡೆಯ ಪೆಡಲಿನ ಥ್ರೆಡ್ ಉಲ್ಟಾ ಇರುವುದರಿಂದ ಗಡಿಯಾರದ ಮುಳ್ಳು ಸುತ್ತುವ ದಿಕ್ಕಿಗೇ ತಿರುಗಿಸಿ ಬಿಚ್ಚಿ, ಥ್ರೆಡ್ಡನ್ನು ಒರೆಸಿ, ಗ್ರೀಸ್ ಹಚ್ಚಿ ಕೂರಿಸಿದ ಮೇಲೆ ಅದೂ ನಿಂತಿತು. ಒಂದು ಭಾಗವನ್ನೂ ಬದಲಾಯಿಸಲಿಲ್ಲ. ಮುಕ್ಕಾಲು ಗಂಟೆಯ ಈ ಕೆಲಸಕ್ಕೆ ಅವರು ಕೇಳಿದ್ದು 80 ರೂಪಾಯಿ. ಕೇಳಿಸಿಕೊಂಡು, ಓಡಿಸಿ ನೋಡಿ, ಆಮೇಲೆ ಬಿಚ್ಚುವ ಈ ಕ್ರಮಕ್ಕೆ ಅದಕ್ಕಿಂತ ಹೆಚ್ಚಿನ ಬೆಲೆ ಸಲ್ಲಬೇಕು ಎಂಬುದು ನನ್ನ ಅಭಿಪ್ರಾಯ.

ಕೊರತೆಗಳನ್ನೂ ಹೇಳಬೇಕು. ಇಲ್ಲಿ ಬಿಲ್ಲು ಕೊಡುವುದಿಲ್ಲ, ಗೇರಿನ ಬಿಡಿಭಾಗಗಳು ಸಿಗುವುದಿಲ್ಲ, ಹೈಡ್ರಾಲಿಕ್ ಡಿಸ್ಕ್ ಬ್ರೇಕಿನ ಕೆಲಸವನ್ನು ಅವರು ಒಪ್ಪಿಕೊಳ್ಳುವುದೂ ಇಲ್ಲ. ಕೂರಲು ನೆರಳಿಲ್ಲದ್ದರಿಂದ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಕಾಯುವುದು ಕಷ್ಟ. ಶಾಲೆ ಬಿಟ್ಟ ಮೇಲೆ ಮಕ್ಕಳ ಸೈಕಲ್‌ಗಳು ಸಾಲುಗಟ್ಟುತ್ತವೆ, ಅವುಗಳಿಗೆ ಅವರು ಮೊದಲ ಆದ್ಯತೆ ಕೊಡುತ್ತಾರೆ. ಸದ್ದಿನ ಕೆಲಸವಿದ್ದವರು ಓಣಿ ಇನ್ನೂ ಶಾಂತವಾಗಿರುವ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಹೋಗುವುದು ಒಳ್ಳೆಯದು, ಹೋಗುವ ಮುನ್ನ ಸೈಕಲ್ ತೊಳೆದುಬಿಡಬೇಡಿ. ಧೂಳು ಎಲ್ಲೆಲ್ಲಿ ಕೂತಿದೆ ಎಂಬುದನ್ನು ಮೇಸ್ತ್ರಿಗಳು ತಾವೇ ನೋಡಬಯಸುತ್ತಾರೆ.