ಮೂರು ವರ್ಷ ತಳ್ಳಿದ ಸೈಕಲ್ ಎಡೆಕುಂಟೆ: ಎರೆ ಹೊಲದ ಅನುಭವ

ನಮ್ಮದು ಆಳಂದ ತಾಲ್ಲೂಕು, ಪೂರಾ ಎರೆ ಭೂಮಿ, ಅಂದರೆ ಕಪ್ಪು ಮಣ್ಣು. ತೊಗರಿ ಹೊಲದಲ್ಲಿ ಸಾಲಿನ ನಡುವಿನ ಕಸ (ಕಳೆ) ತೆಗೆಯಲು ಎತ್ತಿನ ಎಡೆ ಸಾಕಾಗುತ್ತದೆ. ಬಾವಿ ಪಕ್ಕದ ಒಂದು ಎಕರೆಯಲ್ಲಿ ಬದನೆ, ಮೆಣಸಿನಕಾಯಿ, ಬೆಂಡೆ, ಉಳ್ಳಾಗಡ್ಡಿ ಹಾಕುತ್ತೇವೆ. ಅಲ್ಲಿಗೆ ಎತ್ತು ಇಳಿಸಿದರೆ ಡ್ರಿಪ್ ಪೈಪು ಉಳಿಯುವುದಿಲ್ಲ. ಅದಕ್ಕೇ 2022ರ ಮೇ ತಿಂಗಳಲ್ಲಿ ಸೈಕಲ್ ಎಡೆಕುಂಟೆ ತಂದೆವು, ಅಂದರೆ ಗಾಲಿಗೆ ಬ್ಲೇಡು, ಹಿಡಿಕೆ ಕೂಡಿಸಿ ಕೈಯಿಂದ ತಳ್ಳುತ್ತಾ ಸಾಲಿನ ಕಸ ತೆಗೆಯುವ ಕುಂಟೆ. ಮೂರು ಮುಂಗಾರು, ಮೂರು ಹಿಂಗಾರು ದುಡಿಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಕಸಕ್ಕೆ ಔಷಧಿ ಯಾಕೆ ಹೊಡೆಯಲಿಲ್ಲ ಎಂದು ಕೇಳುತ್ತೀರಿ. ಅದರ ಹಿಂದಿನ ವರ್ಷ ಪಕ್ಕದ ಕಬ್ಬಿಗೆ 2,4-ಡಿ ಎಂಬ ಕಸದ ಔಷಧಿ ಹೊಡೆದಿದ್ದರು. ಅವತ್ತು ಗಾಳಿ ನಮ್ಮ ಕಡೆಗಿತ್ತು. ನಾಲ್ಕೈದು ದಿನದಲ್ಲಿ ಟೊಮೆಟೊ ಸುಳಿಯೆಲ್ಲ ಸೊಟ್ಟಗಾಗಿ, ಎಲೆ ದಾರದಂತೆ ಮುರುಟಿಕೊಂಡಿತು. ಆರು ಸಾಲು ಕಿತ್ತು ಹಾಕಿದೆವು. ಕಾಯಿಪಲ್ಯದ ನಡುವೆ ಕಸದ ಔಷಧಿ ಬೇಡವೇ ಬೇಡ ಎಂದು ಅವತ್ತೇ ಗಟ್ಟಿ ಮಾಡಿದೆ.

ಮೊದಲು ಕೊಂಡದ್ದು ಅಂಗಡಿಯ ತಯಾರಿ ಕುಂಟೆ. ಹಿಡಿಕೆಯ ಪೈಪು ತೆಳ್ಳಗಿತ್ತು. ಎರಡನೇ ತಿಂಗಳಿಗೆ ವೆಲ್ಡಿಂಗ್ ಬಿಟ್ಟಿತು, ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ. ಆಮೇಲೆ ಊರಿನ ವೆಲ್ಡಿಂಗ್ ಅಣ್ಣನ ಹತ್ತಿರ ದಪ್ಪ ಪೈಪು, ಗುಜರಿಯ ಹಳೇ ಸೈಕಲ್ ಗಾಲಿ ಹಾಕಿಸಿ ಮಾಡಿಸಿಕೊಂಡೆವು. 1,900 ರೂಪಾಯಿ ಆಯಿತು. ಇವತ್ತಿಗೂ ಅದೇ ಓಡುತ್ತಿದೆ. ನೀವು ಕೊಳ್ಳುವುದಾದರೆ ಹಿಡಿಕೆಯ ಎತ್ತರ ಏರಿಸಿ ಇಳಿಸುವಂತಿದೆಯಾ ನೋಡಿ. ನನಗೆ ಸೊಂಟಕ್ಕಿಂತ ನಾಲ್ಕು ಬೆರಳು ಮೇಲೆ ಬೇಕು, ನಮ್ಮ ಮನೆಯವರಿಗೆ ಅದಕ್ಕಿಂತ ಎತ್ತರ. ಒಂದೇ ಎತ್ತರದ ಕುಂಟೆಯನ್ನು ಇಬ್ಬರೂ ತಳ್ಳಿದರೆ ಒಬ್ಬರ ಬೆನ್ನು ಹಿಡಿದುಕೊಳ್ಳುವುದು ಖಂಡಿತ.

ಇನ್ನು ಮುಖ್ಯ ಮಾತು. ಮೊದಲ ವರ್ಷ ನಾನು ಕಸ ಕಣ್ಣಿಗೆ ಕಾಣಿಸಿದ ಮೇಲೆ ಕುಂಟೆ ಹಿಡಿಯುತ್ತಿದ್ದೆ. ಗೇಣುದ್ದ ಬೆಳೆದ ಕಸ ಬ್ಲೇಡಿಗೆ ಸುತ್ತಿಕೊಳ್ಳುತ್ತಿತ್ತು. ನಾಲ್ಕು ಹೆಜ್ಜೆಗೊಮ್ಮೆ ನಿಂತು ಬಿಡಿಸಬೇಕು. ಭುಜ ಸೋತು ಹೋಗುತ್ತಿತ್ತು. ಈ ಕುಂಟೆ ಸುಮ್ನೆ ದಂಡ ಎಂದು ಮೂಲೆಗೆ ಇಟ್ಟೂ ಬಿಟ್ಟಿದ್ದೆ. ಆಗ ನಮ್ಮ ಅತ್ತೆ ಹೊಲಕ್ಕೆ ಕರೆದುಕೊಂಡು ಹೋಗಿ, ಏನೂ ಕಾಣದ ಸಾಲಿನಲ್ಲಿ ಬೆರಳಿಂದ ಮಣ್ಣು ಕೆರೆದು ತೋರಿಸಿದರು. ಬಿಳಿ ನೂಲಿನ ಎಳೆಯಂಥ ಮೊಳಕೆಗಳು ತುಂಬಿದ್ದವು. "ಈಗ ಹೊಡಿಬೇಕವ್ವಾ, ಹಸರಾದ ಮ್ಯಾಲೆ ಅಲ್ಲ" ಅಂದರು. ಕುಂಟೆಯನ್ನು ಸರಿಯಾಗಿ ಬಳಸುವುದು ಕಲಿತದ್ದು ಅವತ್ತೇ.

ಎರಡನೇ ವರ್ಷದಿಂದ ನಾಟಿಗೆ ಮೊದಲೇ ಶುರು ಮಾಡಿದೆ. ರೋಹಿಣಿ ಮಳೆ ಬಿದ್ದ ಮೇಲೆ ಮಡಿ ಸರಿಮಾಡಿ ಹಾಗೇ ಬಿಡುತ್ತೇನೆ. ಎಂಟು ಹತ್ತು ದಿನಕ್ಕೆ ಕಸ ಏಳುತ್ತದೆ. ಆಗ ತೆಳುವಾಗಿ ಒಂದು ಸಲ ಕುಂಟೆ ಹೊಡೆಯುವುದು. ಮುಂದಿನ ಮಳೆಗೆ ಮತ್ತೆ ಏಳುತ್ತದೆ, ಮತ್ತೊಂದು ಸಲ. ಮಳೆ ಕೈಕೊಟ್ಟರೆ ಡ್ರಿಪ್ ನೀರು ಬಿಟ್ಟು ಎಬ್ಬಿಸುತ್ತೇನೆ. ಮೆಣಸಿನ ಸಸಿ ಬೇರೆ ಮಡಿಯಲ್ಲಿ ತಯಾರಾಗಲು ಹೇಗೂ 40 ದಿನ ಬೇಕಲ್ವಾ, ಆ ದಿನಗಳಲ್ಲೇ ಈ ಕೆಲಸ ಮುಗಿಯುತ್ತದೆ. ಹಿರಿಯರು ಬಿತ್ತುವ ಮೊದಲು ಎರಡು ಮೂರು ಸಲ ಹೊಲ ಹರಗುತ್ತಿದ್ದದ್ದೂ ಇದಕ್ಕೇ. ಬ್ಲೇಡು ಒಂದು ಇಂಚಿಗಿಂತ ಕೆಳಗೆ ಇಳಿಯಬಾರದು. ಆಳಕ್ಕೆ ಹೋದರೆ ಕೆಳಗೆ ಮಲಗಿದ್ದ ಬೀಜವೆಲ್ಲ ಮೇಲೆ ಬಂದು ಹೊಸದಾಗಿ ಹುಟ್ಟುತ್ತವೆ. ನಾಟಿಯಾದ ಮೇಲೂ ಅಷ್ಟೇ, ಮೆಣಸಿನ ಬೇರು ಮೇಲೇ ಹರಡಿರುತ್ತದೆ, ಆಳಕ್ಕೆ ಹೋದರೆ ಗಿಡ ಬಾಡುತ್ತದೆ.

ಎರೆ ಭೂಮಿಯವರಿಗೆ ಹದ ಹಿಡಿಯುವುದೇ ಕಷ್ಟ. ಹಸಿ ಜಾಸ್ತಿ ಇದ್ದರೆ ಗಾಲಿಗೆ ಮಣ್ಣು ಮೆತ್ತಿ ರೊಟ್ಟಿ ಹಿಟ್ಟಿನ ಮುದ್ದೆಯಂತಾಗುತ್ತದೆ. ಒಣಗಿದರೆ ಬ್ಲೇಡು ಹೊಗುವುದೇ ಇಲ್ಲ, ಹೆಂಟೆ ಏಳುತ್ತದೆ. ಮಳೆ ನಿಂತ ಮೂರನೇ ದಿನದಿಂದ ಐದನೇ ದಿನದವರೆಗೆ ನಮಗೆ ಸಿಗುವ ಸಮಯ. ಹಿಡಿ ಮಣ್ಣು ಒತ್ತಿದರೆ ಉಂಡೆಯಾಗಬೇಕು, ಬೆರಳು ತಾಗಿದರೆ ಉದುರಬೇಕು. ಬೀದರ್ ಕಡೆಯ ಕೆಂಪು ಮಣ್ಣಿನಲ್ಲಿ ನಮ್ಮ ತಂಗಿಯೂ ಇದೇ ಥರದ ಕುಂಟೆ ಬಳಸುತ್ತಾಳೆ. ಅವಳಿಗೆ ಈ ತಾಪತ್ರಯ ಇಲ್ಲ, ಮಳೆಯಾದ ಮರುದಿನವೇ ಹೊಲಕ್ಕಿಳಿಯುತ್ತಾಳೆ. 2024ರಲ್ಲಿ ಮಳೆ ಬಿಡದೇ ಹಿಡಿದಾಗ ಎರಡು ವಾರ ನಮ್ಮ ಕುಂಟೆ ಕೊಟ್ಟಿಗೆಯಲ್ಲೇ ಇತ್ತು. ಆ ಸಲ ಆಳು ಹಚ್ಚಿ ಕುರ್ಪಿಯಿಂದಲೇ (ಕೂತು ಕಸ ತೆಗೆಯುವ ಕೈ ಸಾಧನ) ತೆಗೆಸಬೇಕಾಯಿತು.

ಖರ್ಚು ಹೇಳಿಬಿಡುತ್ತೇನೆ. ಹತ್ತು ಗುಂಟೆ ಬದನೆಗೆ, ಸಾಲಿಗೆ ಮೂರಡಿ ಬಿಟ್ಟಿರುವುದರಿಂದ, ಬೆಳಗಿನ ಮೂರು ತಾಸಿನಲ್ಲಿ ನಾನೊಬ್ಬಳೇ ಮುಗಿಸುತ್ತೇನೆ. ಮುಂಚೆ ಅದಕ್ಕೇ ಮೂರು ಹೆಣ್ಣಾಳು ದಿನಪೂರ್ತಿ ಬೇಕಿತ್ತು. ಕೂಲಿ ತಲೆಗೆ 300 ರೂಪಾಯಿ, ಅದೂ ಹೆಸರುಕಾಯಿ ಬಿಡಿಸುವ ದಿನಗಳಲ್ಲಿ ಯಾರೂ ಸಿಗುವುದಿಲ್ಲ. ಗಿಡಗಿಡದ ನಡುವಿನ ಕಸ ಮಾತ್ರ ಈ ಕುಂಟೆಯಿಂದ ಆಗುವುದಿಲ್ಲ. ಅದಕ್ಕೆ ಕುರ್ಪಿ ಹಿಡಿದು ಕೂರಲೇಬೇಕು. ನಾಟಿಯಾದ ಮೊದಲ 40, 45 ದಿನ ಬಿಡದೇ ಮಾಡಿದರೆ, ಆಮೇಲೆ ಬದನೆ ಎಲೆ ಹರಡಿ ನೆರಳು ಬೀಳುತ್ತದೆ, ಕಸದ ಜೋರು ಇಳಿಯುತ್ತದೆ. ಉಳ್ಳಾಗಡ್ಡಿಯ ಎಲೆ ನೆರಳು ಕೊಡುವುದಿಲ್ಲ, ಹಾಗಾಗಿ ಅದಕ್ಕೆ ಇನ್ನೂ ಜಾಸ್ತಿ ದಿನ ಬೇಕು.

ಜೇಕು ಎಂಬ ಗಡ್ಡೆ ಕಸಕ್ಕೆ ಈ ಕುಂಟೆ ಸಾಲದು. ಮೇಲೆ ಕತ್ತರಿಸಿದರೆ ಕೆಳಗಿನ ಗಡ್ಡೆಯಿಂದ ವಾರದಲ್ಲೇ ಮತ್ತೆ ಏಳುತ್ತದೆ. ಬೇಸಿಗೆಯಲ್ಲಿ ಆಳವಾಗಿ ನೇಗಿಲು ಹೊಡೆಸಿ ಗಡ್ಡೆಯನ್ನು ಬಿಸಿಲಿಗೆ ಒಣಗಿಸಿ, ಮಳೆಗಾಲದಲ್ಲಿ ಹತ್ತು ದಿನಕ್ಕೊಮ್ಮೆ ಕತ್ತರಿಸುತ್ತಾ ಬಂದೆ. ಕಮ್ಮಿಯಾಗಿದೆ, ಹೋಗಿಲ್ಲ. ಕರಿಕೆ (ಗರಿಕೆ ಹುಲ್ಲು) ಇರುವ ಕಡೆ ಕುಂಟೆ ಹಾಕಲೇಬೇಡಿ. ತುಂಡು ತುಂಡಾಗಿ ಪ್ರತಿ ಗೆಣ್ಣೂ ಚಿಗುರುತ್ತದೆ. ಅದನ್ನು ಬೇರು ಸಮೇತ ಅಗೆದು ಬದುವಿನಾಚೆ ಒಣಗಿಸಬೇಕು. ಬದುವಿನ ಕಾಂಗ್ರೆಸ್ ಕಸವನ್ನು ಹೂ ಬಿಡುವ ಮೊದಲೇ, ಕೈಗೆ ಬಟ್ಟೆ ಸುತ್ತಿಕೊಂಡು ಕೀಳುತ್ತೇವೆ. ಬರಿಗೈಯಲ್ಲಿ ಮುಟ್ಟಿದರೆ ನನಗೆ ಮೊಣಕೈವರೆಗೆ ತುರಿಕೆ ಬರುತ್ತದೆ.

ಡ್ರಿಪ್ ಪೈಪು ಎರಡು ಸಲ ಕತ್ತರಿಸಿದ್ದೇನೆ. ಈಗ ಪೈಪನ್ನು ಗಿಡದ ಬುಡಕ್ಕೆ ಒತ್ತಿ ಇಡುತ್ತೇವೆ, ಕಿಸೆಯಲ್ಲಿ ಎರಡು ಜಾಯಿನರ್ ಇರುತ್ತವೆ. ಬ್ಲೇಡನ್ನು ಹಂಗಾಮಿಗೆ ಎರಡು ಸಲ ಅರದಿಂದ ಮಸೆಯುತ್ತೇನೆ. ನಟ್ಟು ಪ್ರತಿ ಸಲ ನೋಡಬೇಕು, ಸಡಿಲಾಗುತ್ತವೆ. ಮೂರು ವರ್ಷದಲ್ಲಿ ಒಂದು ಬ್ಲೇಡು, ನಾಲ್ಕು ಗಾಲಿ ಕಡ್ಡಿ ಬದಲಾಯಿಸಿದ್ದು ಬಿಟ್ಟರೆ ಬೇರೆ ಖರ್ಚಿಲ್ಲ.

ಮೆಂತ್ಯ, ಕೊತ್ತಂಬರಿ ಚೆಲ್ಲಿ ಬಿತ್ತುವವರಿಗೆ ಇದು ಉಪಯೋಗಕ್ಕೆ ಬರುವುದಿಲ್ಲ. ಉಳ್ಳಾಗಡ್ಡಿಗೂ ನಮ್ಮ ಎಂಟು ಇಂಚಿನ ಬ್ಲೇಡು ಅಗಲವಾಯಿತು. ಈ ಹಿಂಗಾರಿಗೆ ಸಾಲಿನ ನಡುವೆ ಎಂಟು ಇಂಚು ಬಿಟ್ಟು ಹಚ್ಚುವುದೆಂದು ಮಾತಾಡಿಕೊಂಡಿದ್ದೇವೆ. ನಾಲ್ಕು ಇಂಚಿನ ಬ್ಲೇಡು ಮಾಡಿಕೊಡಲು ವೆಲ್ಡಿಂಗ್ ಅಣ್ಣನಿಗೆ ಹೇಳಿ ಬಂದಿದ್ದೇನೆ. ದಸರೆಗೆ ಮೊದಲು ಕೊಡುತ್ತೇನೆ ಎಂದಿದ್ದಾನೆ.