ಲೋಗೋ ಟೀ ಶರ್ಟ್ ಆರ್ಡರ್: ಒಮ್ಮೆ 12 ದಿನದಲ್ಲಿ, ಒಮ್ಮೆ 8 ವಾರದಲ್ಲಿ

ನಮ್ಮ ಆಫೀಸಿನ ವಾರ್ಷಿಕ ಸಭೆಗೆ ಲೋಗೋ ಇರುವ ಟೀ ಶರ್ಟ್, ಟೋಪಿ, ಸ್ಟೀಲ್ ಬಾಟಲಿ ಮಾಡಿಸುವ ಕೆಲಸ ಎರಡು ವರ್ಷದಿಂದ ನನ್ನದು. ಎರಡು ಸಲವೂ ಒಂದೇ ಪ್ರಿಂಟಿಂಗ್ ಸಂಸ್ಥೆಗೆ ಕೊಟ್ಟೆ. ಮೊದಲ ಸಲದ ಕೆಲಸಕ್ಕೆ ಐದಕ್ಕೆ ಎರಡು ಸ್ಟಾರ್, ಎರಡನೆಯದಕ್ಕೆ ನಾಲ್ಕೂವರೆ. ಜನ ಅವರೇ, ಮಷೀನೂ ಅದೇ. ಬದಲಾಗಿದ್ದು ನಾನು ಕೊಟ್ಟ ಸಮಯ.

ಮೊದಲು ಬೇಜಾರಿನ ವಿಷಯ ಹೇಳಿಬಿಡುತ್ತೇನೆ. 12 ದಿನದಲ್ಲಿ 240 ಟೀ ಶರ್ಟ್ ಆಗುತ್ತಾ ಅಂತ ಕೇಳಿದಾಗ "ಆರಾಮಾಗಿ ಆಗುತ್ತೆ ಮೇಡಂ" ಅಂದರು. ಆಯಿತು ಕೂಡ. ಸಭೆಯ ಹಿಂದಿನ ದಿನ ಸಂಜೆ ಡಬ್ಬಗಳು ಬಂದವು, ಕಡುಗೆಂಪು ಬಟ್ಟೆಯ ಮೇಲೆ ಬಿಳಿ ಲೋಗೋ ಎದ್ದು ಕಾಣುತ್ತಿತ್ತು, ಎಲ್ಲರೂ ಚೆನ್ನಾಗಿದೆ ಅಂದರು. ಒಂದು ವಾರ ಕಳೆಯುವಷ್ಟರಲ್ಲಿ ಆ ಬಿಳಿ ಗುಲಾಬಿಗೆ ತಿರುಗಿತ್ತು. ಒಗೆಯದೆ ಮಡಚಿಟ್ಟ ಶರ್ಟಿನಲ್ಲೂ! ಕಾರಣ ಆಮೇಲೆ ಗೊತ್ತಾಯಿತು. ಬಟ್ಟೆ ಪಾಲಿಯೆಸ್ಟರ್. ಸ್ಕ್ರೀನ್ ಪ್ರಿಂಟಿಂಗಿನ ಪ್ಲಾಸ್ಟಿಸಾಲ್ ಇಂಕ್ ಗಟ್ಟಿಯಾಗಲು ಸಾಮಾನ್ಯವಾಗಿ ಸುಮಾರು 160 ಡಿಗ್ರಿ ಸೆಲ್ಸಿಯಸ್ ಶಾಖ ಕೊಡುತ್ತಾರೆ. ಅಷ್ಟು ಬಿಸಿಗೆ ಪಾಲಿಯೆಸ್ಟರಿನ ಬಣ್ಣ ಆವಿಯಾಗಿ ಮೇಲಿನ ಬಿಳಿ ಇಂಕಿಗೆ ಸೇರಿಕೊಳ್ಳುತ್ತದೆ. ಕೆಲವೊಮ್ಮೆ ತಕ್ಷಣ ಕಾಣುವುದೇ ಇಲ್ಲ, ದಿನಗಳಾದ ಮೇಲೆ ಕಾಣುತ್ತದೆ. ಇದಕ್ಕೆ ಕಡಿಮೆ ಶಾಖದ ಇಂಕ್ ಇದೆ, ಬಣ್ಣ ಮೇಲೇಳದಂತೆ ಮೊದಲು ಹಾಕುವ ಬೇರೆ ಪದರವೂ ಇದೆ. ಅಂದರೆ ಸ್ಯಾಂಪಲ್ ಮಾಡಿಸಿ ಸುಮ್ನೆ ಒಂದು ಸಲ ನೋಡಿದರೆ ಸಾಲದು, ಕೆಲವು ದಿನ ಇಟ್ಟು ನೋಡಬೇಕು. 12 ದಿನದಲ್ಲಿ ಅದಕ್ಕೆಲ್ಲಿ ಜಾಗ? ತಡವಾಗಿ ಆರ್ಡರ್ ಕೊಟ್ಟಿದ್ದು ನನ್ನ ತಪ್ಪೇ. ಆದರೆ ಸ್ಯಾಂಪಲ್ ಇಲ್ಲದೆ ಮಾಡುತ್ತೇವೆ ಅಂತ ಅವರು ಮೊದಲೇ ಹೇಳಬೇಕಿತ್ತು, ಅಲ್ವಾ? ಎರಡೇ ಸ್ಟಾರ್ ಅದಕ್ಕೇ.

ಈ ವರ್ಷ 8 ವಾರ ಮೊದಲೇ ಹೋದೆ. ಮೊದಲ ವಾರ ಪೂರ್ತಿ ನಮ್ಮ ಆಫೀಸಿನಲ್ಲೇ ಕಳೆಯಿತು. ನನ್ನ ಹತ್ತಿರ ಇದ್ದದ್ದು ವೆಬ್‌ಸೈಟಿನಿಂದ ಇಳಿಸಿಕೊಂಡ ಪಿಎನ್‌ಜಿ ಫೈಲ್, ಅದನ್ನು ದೊಡ್ಡದು ಮಾಡಿದರೆ ಅಂಚು ಒಡೆಯುತ್ತದೆ. ಎಷ್ಟು ದೊಡ್ಡದು ಮಾಡಿದರೂ ಅಂಚು ಒಡೆಯದ ವೆಕ್ಟರ್ ಫೈಲೇ ಬೇಕು, ಜೊತೆಗೆ ಬಣ್ಣದ ಪ್ಯಾಂಟೋನ್ ನಂಬರ್ (ಯಾವ ಛಾಯೆ ಅಂತ ನಿಖರವಾಗಿ ಹೇಳುವ ಸಂಖ್ಯೆ) ಬೇಕು ಅಂದರು. ಅದು ಯಾರ ಹತ್ತಿರ ಇದೆ ಅಂತ ಹುಡುಕುವಷ್ಟರಲ್ಲಿ ಆರು ದಿನ!

ಸೈಜಿಗೆ ಅವರು ಮಾಡಿದ ಉಪಾಯ ನನಗೆ ತುಂಬಾ ಇಷ್ಟವಾಯಿತು. ಎಸ್ಸಿಂದ ಡಬಲ್ ಎಕ್ಸ್‌ಎಲ್‌ವರೆಗೆ ಒಂದೊಂದು ಶರ್ಟ್ ಕಳಿಸಿದರು, ಎರಡು ದಿನ ಆಫೀಸಿನಲ್ಲಿಟ್ಟೆವು, ಎಲ್ಲರೂ ಹಾಕಿ ನೋಡಿ ಹೆಸರು ಬರೆದರು. ಹೋದ ವರ್ಷ ಅಂದಾಜಿನ ಮೇಲೆ ತರಿಸಿ ಎಮ್ ಸೈಜು ಜಾಸ್ತಿಯಾಗಿ ಉಳಿದಿತ್ತು. ಈ ಸಲ ಬಟ್ಟೆ ಹತ್ತಿಯದು.

ಟೋಪಿಯ ಸ್ಯಾಂಪಲ್ ಬಂದಾಗ ಇನ್ನೊಂದು ಪಾಠ. ಲೋಗೋ ಕೆಳಗಿನ ಸಾಲಿನ ಅಕ್ಷರಗಳು 4 ಮಿಲಿಮೀಟರ್ ಎತ್ತರ ಇದ್ದವು. ಕಸೂತಿಯಲ್ಲಿ ಅಕ್ಷರದ ಒಳಗಿನ ಸಣ್ಣ ತೂತುಗಳೆಲ್ಲ ದಾರದಿಂದ ಮುಚ್ಚಿಹೋಗಿ, ಓದಲು ಹೋದರೆ ಬರೀ ಗಂಟುಗಳ ಸಾಲು. ಆ ಸಾಲು ಬಿಟ್ಟುಬಿಡಿ ಅಂತ ಅವರೇ ಹೇಳಿದರು. ಮಾರ್ಕೆಟಿಂಗ್‌ನವರನ್ನು ಒಪ್ಪಿಸಲು ನಾಲ್ಕು ದಿನ ಬೇಕಾಯಿತು, ಆದರೆ ಕೊನೆಯ ಟೋಪಿ ಎಷ್ಟು ಚೊಕ್ಕವಾಗಿ ಬಂತು ಅಂದರೆ ಎಲ್ಲರೂ ದಿನವೂ ಹಾಕಿಕೊಳ್ಳುತ್ತಿದ್ದಾರೆ. ಬಾಟಲಿಗೆ ಲೇಸರ್ ಕೆತ್ತನೆ, ಬಣ್ಣ ಇಲ್ಲ, ಕಿತ್ತು ಬರುವ ಭಯವೂ ಇಲ್ಲ. ಯಾವುದರ ಮೇಲೂ ಇಸವಿ ಹಾಕಿಸಲಿಲ್ಲ, ಹಾಗಾಗಿ ಉಳಿದವನ್ನು ಹೊಸದಾಗಿ ಸೇರುವವರಿಗೆ ಕೊಡುತ್ತಿದ್ದೇವೆ.

ಅವರಿಗೆ ಸಭೆಯ ದಿನಾಂಕ ಹೇಳಲೇ ಇಲ್ಲ, ಅದಕ್ಕಿಂತ 10 ದಿನ ಹಿಂದಿನ ದಿನಾಂಕ ಕೊಟ್ಟೆ. ಒಳ್ಳೆಯದೇ ಆಯಿತು. ಎಣಿಸಿದಾಗ ಎಕ್ಸ್‌ಎಲ್ ಸೈಜಿನ 6 ಶರ್ಟ್ ಕಡಿಮೆ ಇದ್ದವು, ಮರುಮಾತಾಡದೆ ನಾಲ್ಕು ದಿನದಲ್ಲಿ ಮಾಡಿಕೊಟ್ಟರು. ಅರ್ಧ ಸ್ಟಾರ್ ಕಡಿತ ಆ ಎಣಿಕೆಗೆ.

ಅವರಿಗೆ ನನ್ನದೊಂದೇ ಕೇಳಿಕೆ. ಅವಸರದ ಆರ್ಡರ್ ತಗೊಳ್ಳಿ, ಬೇಡ ಅನ್ನುವುದಿಲ್ಲ, ಆದರೆ ಸ್ಯಾಂಪಲ್ ಬಿಟ್ಟುಹೋಗುತ್ತದೆ ಅಂತ ಕೊಟೇಶನ್ನಿನ ಮೊದಲ ಸಾಲಿನಲ್ಲೇ ಬರೆದುಕೊಡಿ.